ಕಡಿತಕ್ಕೆ ತಂಪು, ಉಗುರಿಗೆ ಸಂಯಮ

ಆರಿದ್ರಾ ಮಳೆ ಹಿಡಿದು, ಅಡಕೆಯ ತೋಟದಲ್ಲಿ ಉದುರಿಬಿದ್ದ ಹಾಳೆಗಳಲ್ಲೆಲ್ಲ ನೀರು ನಿಂತು, ದೀಪ ಹಚ್ಚುವ ಹೊತ್ತಿಗೆ ನುಸಿಯೂ ಸೊಳ್ಳೆಯೂ ಒಳಮನೆಗೆ ನುಗ್ಗತೊಡಗಿದುವೆಂದರೆ, ಮಲೆನಾಡಿನ ಗೃಹಿಣಿಯ ಕೈ ಹಿತ್ತಲಿನ ದೊಡ್ಡಪತ್ರೆಯತ್ತ ತಾನಾಗಿಯೇ ಚಾಚುವುದುಂಟು. ಅದರ ದಪ್ಪನೆಯ ಎಲೆಯನ್ನು ಹೊಸೆದು ದದ್ದಿನ ಮೇಲೆ ರಸ ಸವರಿದರೆ ಮಗುವಿನ ರಗಳೆ ಬಹುಮಟ್ಟಿಗೆ ಶಮನವಾಗುತ್ತದೆ. ತುಳಸಿ, ಗರಿಕೆ, ಲೋಳೆಸರ, ಸಾಣೆಕಲ್ಲಿನಲ್ಲಿ ತೇಯ್ದ ಶ್ರೀಗಂಧ ಎಂದು ಮನೆಗೊಂದು ಮದ್ದು ಪರಂಪರಾಗತವಾಗಿ ನಡೆದುಬಂದಿದೆ. ಇಷ್ಟು ಭಿನ್ನವಾದ ವಸ್ತುಗಳೆಲ್ಲ ಒಂದೇ ತುರಿಕೆಯನ್ನು ತಗ್ಗಿಸುವುದಾದರೆ, ಅವುಗಳಲ್ಲಿ ಸಮಾನವಾದ ಗುಣವಾದರೂ ಯಾವುದು?

ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ತನ್ನ ಮೊಟ್ಟೆಗಳ ಪೋಷಣೆಗೆ ಅದಕ್ಕೆ ನಮ್ಮ ನೆತ್ತರು ಬೇಕು. ಆ ನೆತ್ತರು ಹೆಪ್ಪುಗಟ್ಟದಿರಲೆಂದು ಅದು ಚರ್ಮದೊಳಗೆ ಬಿಡುವ ಜೊಲ್ಲಿನ ಪ್ರೋಟೀನುಗಳನ್ನು ಶರೀರವು ಪರಕೀಯವೆಂದು ಬಗೆದು ಹಿಸ್ಟಮಿನ್ ಎಂಬ ದ್ರವ್ಯವನ್ನು ಸ್ರವಿಸಲು, ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ದದ್ದು ಎದ್ದು, ನರತಂತುಗಳು ಕೆರಳುತ್ತವೆ. ತಂಪು ತಗಲಿದಾಗ ನಾಳಗಳು ಸಂಕುಚಿತವಾಗಿ ನರಗಳ ಚುರುಕು ಮಂದವಾಗುತ್ತದೆ. ಹಸಿಯ ಲೇಪದ ನೀರು ಆರುತ್ತ ಚರ್ಮದ ಶಾಖವನ್ನು ಸೆಳೆದುಕೊಳ್ಳುವುದರಿಂದ, ಗಂಧಕ್ಕೂ ಗರಿಕೆಗೂ ಸಲ್ಲುವ ಕೀರ್ತಿಯಲ್ಲಿ ಒಂದು ಪಾಲು ಆ ನೀರಿನದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಒತ್ತಿ ಹಿಡಿದರೂ, ಅಡಿಗೆ ಸೋಡವನ್ನು ನೀರಿನಲ್ಲಿ ಕಲಸಿ ಹಚ್ಚಿದರೂ ಉಪಶಮನ ದೊರೆಯುವುದು. ಲೇಪ ಹಚ್ಚಿದೆಡೆ ಮಗುವಿನ ಉಗುರು ಹಿಂಜರಿಯುವುದು ಇನ್ನೊಂದು ಲಾಭ. ಏಕೆಂದರೆ ಕೆರೆತದ ನೋವು ತುರಿಕೆಯನ್ನು ಕ್ಷಣಕಾಲ ಮರೆಸಿದರೂ ಉರಿಯೂತವನ್ನು ಬೆಳೆಸಿ, ಉಗುರಿನ ಸಂದಿಯ ರೋಗಾಣುಗಳಿಗೆ ದಾರಿ ತೆರೆದು ಕೀವಿಗೆ ಕಾರಣವಾಗುತ್ತದೆ.

ಹಾಗೆಂದು ಹಳೆಯದೆಲ್ಲ ಹಿತವೆಂದು ತಿಳಿಯಲಾಗದು. ಕಣಜ ಕಚ್ಚಿದೆಡೆಗೆ ಸುಣ್ಣ ಬಳಿಯುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಚರ್ಮದ ಆಳಕ್ಕಿಳಿದ ವಿಷವನ್ನು ಮೇಲಿನ ಸುಣ್ಣ ತಲುಪಲಾರದು, ಎಳೆಯ ಚರ್ಮವನ್ನು ಮಾತ್ರ ಸುಟ್ಟೀತು. ನಿಂಬೆಯ ರಸ ಹಚ್ಚಿ ಬಿಸಿಲಿಗೆ ಹೋದವರಿಗೆ ಬೊಕ್ಕೆಗಳೇಳಬಹುದು. ಜೇನುನೊಣ ಕುಟುಕಿದರೆ ಮದ್ದು ಹುಡುಕುವುದಕ್ಕೆ ಮೊದಲು ಮುಳ್ಳನ್ನು ತೆಗೆಯಬೇಕು; ತಡವಾದಷ್ಟೂ ವಿಷ ಹೆಚ್ಚು ಇಳಿಯುತ್ತದೆ. ಉಣ್ಣೆ ಕಚ್ಚಿಕೊಂಡಲ್ಲಿ ಸೀಮೆಎಣ್ಣೆ ಸುರಿಯದೆ, ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯುವುದೇ ಯುಕ್ತ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವುದು ಉಣ್ಣೆಯೇ ಆದುದರಿಂದ, ಆ ಸೀಮೆಯಲ್ಲಿ ಕಡಿತದ ಅನಂತರ ಜ್ವರ ಬಂದರೆ ವೈದ್ಯರಿಗೆ ತಿಳಿಸಲೇಬೇಕು. ಕುಟುಕಿದೊಡನೆ ಮುಖ ಊದಿ ಉಸಿರು ಕಟ್ಟುವವರನ್ನಂತೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಹಿತ್ತಲ ಗಿಡ ಮದ್ದಾಗುವುದು ತುರಿಕೆಗೆ, ಪ್ರಾಣಾಪಾಯಕ್ಕಲ್ಲ.