ಡೆರೆಕ್ ಬೇಯ್ಲಿ: ಒಬ್ಬರೇ ಕೂತು ನುಡಿಸಿದ ಗಿಟಾರ್

ಮುಂಚಿತವಾಗಿ ಏನನ್ನೂ ಗೊತ್ತುಮಾಡಿಕೊಳ್ಳದೆ, ಸ್ವರಲಿಪಿಯಿಲ್ಲದೆ, ತಾಳದ ಲೆಕ್ಕವಿಲ್ಲದೆ, ಪಕ್ಕವಾದ್ಯದವರೂ ಇಲ್ಲದೆ ಒಂದೇ ಗಿಟಾರ್ ಹಿಡಿದು ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವುದು ಇಂಗ್ಲೆಂಡಿನ ಡೆರೆಕ್ ಬೇಯ್ಲಿಯವರ ಪದ್ಧತಿ. 1971ರಿಂದ 2005ರವರೆಗೆ ಅವರು ಹೀಗೆ ನುಡಿಸಿ ಹೊರತಂದ ಸೋಲೊ ಧ್ವನಿಮುದ್ರಿಕೆಗಳು ಪ್ರಾಯೋಗಿಕ ಗಿಟಾರ್ ವಾದನಕ್ಕೆ ತಳಪಾಯ ಹಾಕಿದವು. ಕೇಳಿದ ಕೂಡಲೇ ಹಿಡಿಸುವ ಸಂಗೀತ ಇದಲ್ಲ. ಗುನುಗಿಕೊಳ್ಳಲು ಒಂದು ಮಟ್ಟೂ ಸಿಗುವುದಿಲ್ಲ. ಆದರೂ ತಂತಿವಾದ್ಯದಿಂದ ಏನೇನು ನಾದ ಹೊರಡಬಹುದು ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ, ಇಷ್ಟು ದೀರ್ಘಕಾಲ ಹುಡುಕಿದ ವಾದಕರು ವಿರಳ.

ಬೇಯ್ಲಿ ಹುಟ್ಟಿದ್ದು 1930ರ ಜನವರಿ 29ರಂದು, ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಶೆಫೀಲ್ಡ್ ನಗರದಲ್ಲಿ. ಸೋದರಮಾವ ಜಾರ್ಜ್ ವಿಂಗ್ ವೃತ್ತಿಪರ ಗಿಟಾರ್ ವಾದಕರಾಗಿದ್ದರು. ಬೇಯ್ಲಿ ಕೂಡ ಅದೇ ದಾರಿ ಹಿಡಿದು 1950ರ ದಶಕದಿಂದ ನೃತ್ಯಶಾಲೆಗಳಲ್ಲಿ, ರೇಡಿಯೊ ಮತ್ತು ಸ್ಟುಡಿಯೊ ವಾದ್ಯವೃಂದಗಳಲ್ಲಿ ದುಡಿದರು. ಎದುರಿಗಿಟ್ಟ ಸ್ವರಲಿಪಿಯನ್ನು ತಪ್ಪಿಲ್ಲದೆ ನುಡಿಸಿ ಸಂಬಳ ಪಡೆಯುವುದು ಆಗಿನ ಬದುಕು. ಗ್ರೇಸಿ ಫೀಲ್ಡ್ಸ್‌ರಂಥ ಜನಪ್ರಿಯ ಗಾಯಕಿಗೂ ಅವರು ಗಿಟಾರ್ ಸಾಥ್ ನೀಡಿದ್ದರು. ಮುಂದೆ ಅವರ ವಾದನವನ್ನು ಕೇಳಿ ‘ಗಿಟಾರ್ ಬಾರದವನ ಆಟ’ ಎಂದು ತಳ್ಳಿಹಾಕುವವರು ಈ ಸಂಗತಿಯನ್ನು ಗಮನಿಸಬೇಕು. ಸಾಂಪ್ರದಾಯಿಕ ವಾದನವನ್ನು ಅರಗಿಸಿಕೊಂಡ ಮೇಲೆಯೇ ಅವರು ಅದನ್ನು ಬಿಟ್ಟದ್ದು.

ಬಿಡುವ ಕೆಲಸ ಶುರುವಾದದ್ದು 1963ರಲ್ಲಿ. ಡ್ರಮ್ ವಾದಕ ಟೋನಿ ಆಕ್ಸ್‌ಲಿ, ಡಬಲ್ ಬಾಸ್ ನುಡಿಸುತ್ತಿದ್ದ ಗ್ಯಾವಿನ್ ಬ್ರಯರ್ಸ್ ಇವರ ಜೊತೆ ಬೇಯ್ಲಿ ಶೆಫೀಲ್ಡಿನಲ್ಲಿ ಒಂದು ತಂಡ ಕಟ್ಟಿದರು. ಮೊದಮೊದಲು ಜಾಝ್ ನುಡಿಸುತ್ತಿದ್ದ ಮೂವರೂ ಒಂದೊಂದಾಗಿ ಅದರ ನಿಯಮಗಳನ್ನು ಕಳಚುತ್ತ ಹೋದರು. ತಾಳದ ಆವರ್ತನ ಹೋಯಿತು, ಸ್ವರಮೇಳದ ಕ್ರಮ ಹೋಯಿತು, ಕೊನೆಗೆ ಮುಂಚೆ ಆರಿಸಿಕೊಳ್ಳುತ್ತಿದ್ದ ಹಾಡೂ ಹೋಯಿತು. ಜೋಸೆಫ್ ಹೋಲ್‌ಬ್ರುಕ್ ಎಂಬ ಸಂಗೀತ ರಚನಕಾರರ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡಿದ್ದ ಇವರ ಆ ಕಾಲದ ವಾದನದಲ್ಲಿ ಉಳಿದಿರುವುದು 1965ರ ಒಂದು ತಾಲೀಮಿನ ಸುಮಾರು ಹತ್ತು ನಿಮಿಷದ ಧ್ವನಿಮುದ್ರಣ ಮಾತ್ರ.

1966ರಲ್ಲಿ ಬೇಯ್ಲಿ ಲಂಡನ್ನಿಗೆ ಬಂದರು. ಆಸ್ಟ್ರಿಯಾದ ರಚನಕಾರ ಆಂಟನ್ ವೆಬರ್ನ್ ಅವರ ಕೃತಿಗಳು ಅವರನ್ನು ಸೆಳೆದಿದ್ದವು. ವೆಬರ್ನ್ ಕೃತಿಗಳಲ್ಲಿ ಸ್ವರಗಳು ಒಂದರಿಂದೊಂದು ದೂರ ದೂರ ನಿಲ್ಲುತ್ತವೆ, ನಡುವಿನ ಮೌನಕ್ಕೂ ಸ್ವರದಷ್ಟೇ ಬೆಲೆಯಿರುತ್ತದೆ. ಇದನ್ನು ಗಿಟಾರಿಗೆ ತರಲು ಬೇಯ್ಲಿ 1966–67ರಲ್ಲಿ ಮನೆಯಲ್ಲಿ ಕೆಲವು ತುಣುಕುಗಳನ್ನು ಬರೆದು ಮುದ್ರಿಸಿಕೊಂಡರು. ಅವು ‘ಪೀಸಸ್ ಫಾರ್ ಗಿಟಾರ್’ ಎಂಬ ಹೆಸರಿನಲ್ಲಿ ಹೊರಬಂದದ್ದು 2002ರಲ್ಲಿ. ಬರೆದ ಸಂಗೀತದಿಂದ ಬರೆಯದ ಸಂಗೀತಕ್ಕೆ ಅವರು ದಾಟಿದ ಹೆಜ್ಜೆಗುರುತು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಂಥ ಸಂಗೀತವನ್ನು ಮುದ್ರಿಸಲು ದೊಡ್ಡ ಕಂಪನಿಗಳು ಮುಂದೆ ಬರುವುದು ಕಷ್ಟವಿತ್ತು. 1970ರಲ್ಲಿ ಬೇಯ್ಲಿ, ಆಕ್ಸ್‌ಲಿ ಮತ್ತು ಸ್ಯಾಕ್ಸಫೋನ್ ವಾದಕ ಇವಾನ್ ಪಾರ್ಕರ್ ಸೇರಿ, ಮೈಕೆಲ್ ವಾಲ್ಟರ್ಸ್ ಅವರ ನೆರವಿನಿಂದ ‘ಇಂಕಸ್’ ಎಂಬ ಸಂಸ್ಥೆ ತೆರೆದರು. ಬ್ರಿಟನ್ನಿನಲ್ಲಿ ಸಂಗೀತಗಾರರೇ ಮಾಲೀಕರಾಗಿ ನಡೆಸಿದ ಮೊದಮೊದಲ ಧ್ವನಿಮುದ್ರಣ ಸಂಸ್ಥೆಗಳಲ್ಲಿ ಇದೂ ಒಂದು. ಅದರ ಎರಡನೆಯ ತಟ್ಟೆಯೇ 1971ರ ‘ಸೋಲೊ ಗಿಟಾರ್’. ಅದರಲ್ಲಿ ಬೇಯ್ಲಿಯವರ ಮನೋಧರ್ಮದ ವಾದನದ ಜೊತೆಗೆ ಮಿಶಾ ಮೆಂಗಲ್‌ಬರ್ಗ್, ವಿಲೆಮ್ ಬ್ರೂಕರ್ ಮತ್ತು ಬ್ರಯರ್ಸ್ ಅವರ ಒಂದೊಂದು ರಚನೆಯೂ ಇದೆ. ಬ್ರಯರ್ಸ್ ಅವರ ರಚನೆಗೆ ಎರಡು ಗಿಟಾರ್‌ಗಳನ್ನು ಅಂಗಾತ ಮಲಗಿಸಿ, ಒಬ್ಬರೇ ಎರಡನ್ನೂ ಏಕಕಾಲಕ್ಕೆ ನುಡಿಸಬೇಕು.

ಬೇಯ್ಲಿಯವರ ಕೈಚಳಕ ತಿಳಿಯಬೇಕಾದರೆ ವಾದ್ಯವನ್ನು ಹತ್ತಿರದಿಂದ ನೋಡಬೇಕು. ಅವರದು ಆರು ತಂತಿಯ ಮಾಮೂಲಿ ಗಿಟಾರ್, ಶ್ರುತಿಯೂ ಮಾಮೂಲಿನದೇ. ತಂತಿಯನ್ನು ಮೆಟ್ಟಿಗೆ ಒತ್ತದೆ, ಬೆರಳನ್ನು ಸುಮ್ಮನೆ ಸೋಕಿಸಿ ಮೀಟಿದರೆ ಗಂಟೆಯಂಥ ತೆಳುವಾದ ನಾದ ಬರುತ್ತದೆ. ಇದಕ್ಕೆ ಹಾರ್ಮೋನಿಕ್ಸ್ ಎನ್ನುತ್ತಾರೆ. ಬೇಯ್ಲಿ ಒಂದು ಹಾರ್ಮೋನಿಕ್, ಅದರ ಬೆನ್ನಿಗೇ ಒತ್ತಿ ಮೀಟಿದ ಮಂದ್ರದ ಸ್ವರ, ಆಮೇಲೆ ಬಿಡಿ ತಂತಿಯ ನಾದ ಹೀಗೆ ಜೋಡಿಸುತ್ತಾರೆ. ಪಕ್ಕಪಕ್ಕದ ಎರಡು ಸ್ವರಗಳು ಬೇರೆಬೇರೆ ಎತ್ತರದಿಂದ, ಬೇರೆಬೇರೆ ಬಣ್ಣದಲ್ಲಿ ಬರುವುದರಿಂದ ಕಿವಿಗೆ ಅವು ಒಂದು ಸಾಲಾಗಿ ಕೂಡಿಕೊಳ್ಳುವುದೇ ಇಲ್ಲ. ತಂತಿಯನ್ನು ಕುದುರೆಯ ಆಚೆ ಬದಿಯಲ್ಲಿ ಮೀಟುವುದು, ಉಜ್ಜುವುದು, ಮೀಟಿದ ನಾದವನ್ನು ತಟ್ಟನೆ ಅಂಗೈಯಿಂದ ಅಡಗಿಸುವುದೂ ಉಂಟು. 1970ರ ದಶಕದಲ್ಲಿ ಅವರು ವಿದ್ಯುತ್ ಗಿಟಾರಿಗೆ ಎರಡು ವಾಲ್ಯೂಮ್ ಪೆಡಲ್‌ಗಳನ್ನು ಜೋಡಿಸಿಕೊಂಡು, ಮೀಟಿನ ಪೆಟ್ಟು ಕೇಳಿಸದಂತೆ ಮುಚ್ಚಿ, ನಾದ ಮಾತ್ರ ನಿಧಾನವಾಗಿ ಏಳುವಂತೆ ಕಾಲಿನಿಂದಲೇ ನಿಯಂತ್ರಿಸುತ್ತಿದ್ದರು.

ಸೋಲೊ ಮುದ್ರಿಕೆಗಳಲ್ಲಿ ಶಿಖರವೆನ್ನಬೇಕಾದದ್ದು 1980ರ ‘ಐದಾ’. ಅದೇ ವರ್ಷದ ಬೇಸಿಗೆಯಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನ ಕಛೇರಿಗಳಲ್ಲಿ ವಿದ್ಯುತ್ತಿಲ್ಲದ ಸಾದಾ ಗಿಟಾರಿನಲ್ಲಿ ನುಡಿಸಿದ ವಾದನ ಇದು. ಹೆಸರು, ತೀರಿಕೊಂಡಿದ್ದ ಜಪಾನಿನ ವಿಮರ್ಶಕ ಐದಾ ಅವರ ನೆನಪಿಗೆ ಇಟ್ಟದ್ದು. ಮೊದಲ ಭಾಗ ‘ಪ್ಯಾರಿಸ್’ ಇಪ್ಪತ್ತು ನಿಮಿಷದ ಹತ್ತಿರ ಹೋಗುತ್ತದೆ. ಅಷ್ಟು ಹೊತ್ತು ರಾಗದ ಊರುಗೋಲಿಲ್ಲದೆ ಕೇಳುಗರನ್ನು ಹಿಡಿದು ಕೂರಿಸುವುದು ಸಾಧಾರಣ ಸಾಧನೆಯಲ್ಲ.

ಅದೇ 1980ರಲ್ಲಿ ಬೇಯ್ಲಿಯವರ ಪುಸ್ತಕ ‘ಇಂಪ್ರೊವೈಸೇಷನ್’ ಪ್ರಕಟವಾಯಿತು. ಕನ್ನಡದ ಓದುಗರಿಗೆ ಅದರಲ್ಲೊಂದು ವಿಶೇಷವಿದೆ: ಜಗತ್ತಿನ ಬೇರೆಬೇರೆ ಆಶು ಸಂಗೀತಗಳನ್ನು ಪರಿಚಯಿಸುವ ಆ ಪುಸ್ತಕ ಶುರುವಾಗುವುದೇ ಭಾರತೀಯ ಸಂಗೀತದಿಂದ. ಸಿತಾರ್ ವಾದಕ ವಿರಾಮ್ ಜಸಾನಿಯವರ ಜೊತೆ ಮಾತಾಡಿ ಶ್ರುತಿ, ಸ್ವರ, ರಾಗ, ಲಯಗಳ ಒಳಗೆ ಕಲಾವಿದರಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬುದನ್ನು ಬೇಯ್ಲಿ ವಿಚಾರಿಸುತ್ತಾರೆ. ಒಂದು ಸಂಪ್ರದಾಯದ ಚೌಕಟ್ಟಿನೊಳಗೆ ನಡೆಯುವ ಆಶು ಸಂಗೀತ ಒಂದು ಬಗೆ, ಯಾವ ಚೌಕಟ್ಟಿಗೂ ಸೇರದ ತಮ್ಮಂಥವರದು ಇನ್ನೊಂದು ಬಗೆ ಎಂದು ಅವರು ವಿಂಗಡಿಸುತ್ತಾರೆ.

ಮೈಸೂರು ಸೀಮೆಯ ವೀಣೆ ಮೊದಲ ಬಗೆಗೆ ಒಳ್ಳೆಯ ಉದಾಹರಣೆ. ಹೆಗ್ಗಡದೇವನಕೋಟೆಯಲ್ಲಿ 1887ರಲ್ಲಿ ಹುಟ್ಟಿದ ವೀಣೆ ವೆಂಕಟಗಿರಿಯಪ್ಪನವರು ವೀಣೆ ಶೇಷಣ್ಣನವರ ಶಿಷ್ಯರು, ವೀಣೆ ದೊರೆಸ್ವಾಮಿ ಅಯ್ಯಂಗಾರರ ಗುರುಗಳು. ಅವರು ಸಾಹಿತ್ಯವಿಲ್ಲದೆ, ವಾದ್ಯಕ್ಕೆಂದೇ ಹೊಂದುವ ‘ನಗ್ಮಾ’ ಎಂಬ ಹೊಸ ರಚನಾ ಪ್ರಕಾರವನ್ನು ವೀಣೆಗೆ ತಂದರು. ಆಲಾಪನೆ, ತಾನ, ಕಲ್ಪನಾಸ್ವರಗಳಲ್ಲಿ ಮನೋಧರ್ಮಕ್ಕೆ ಎಷ್ಟೇ ಜಾಗವಿದ್ದರೂ ರಾಗದ ಎಲ್ಲೆ ಅಲ್ಲಿ ಮೀರುವಂತಿಲ್ಲ. ಬೇಯ್ಲಿ ಆ ಎಲ್ಲೆಯನ್ನೇ ತೆಗೆದುಹಾಕಿದರು. ಎಲ್ಲೆ ಇಲ್ಲದಿದ್ದಾಗ ಸ್ವಾತಂತ್ರ್ಯಕ್ಕಿಂತ ಹೊಣೆಯೇ ಹೆಚ್ಚಾಗುತ್ತದೆ. ಅಭ್ಯಾಸಬಲದಿಂದ ಬೆರಳು ತಾನಾಗಿ ಹೋಗುವ ಜಾಡನ್ನು ಪ್ರತಿ ಸಲವೂ ತಪ್ಪಿಸಬೇಕಾಗುತ್ತದೆ. ಅವರ ವಾದನದಲ್ಲಿ ಕೇಳುವ ಬಿಗಿ ಇದರಿಂದ ಬಂದದ್ದು.

ಇಲ್ಲೊಂದು ತೊಡಕಿದೆ. ಆ ಕ್ಷಣದಲ್ಲಿ ಹುಟ್ಟಿ ಆ ಕ್ಷಣದಲ್ಲೇ ಮುಗಿಯಬೇಕಾದ ಸಂಗೀತವನ್ನು ಮುದ್ರಿಸಿ, ಮತ್ತೆಮತ್ತೆ ಕೇಳಿದರೆ ಅದು ಕೃತಿಯಾಗಿಯೇ ಗಟ್ಟಿಯಾಗುವುದಿಲ್ಲವೆ? ಬೇಯ್ಲಿಗೆ ಈ ಅನುಮಾನ ಕೊನೆಯವರೆಗೂ ಇತ್ತು. ತಟ್ಟೆಯನ್ನು ಒಂದೇ ಒಂದು ಸಲ ಕೇಳಲು ಸಾಧ್ಯವಿದ್ದಿದ್ದರೆ ಜನ ಎಷ್ಟು ಏಕಾಗ್ರತೆಯಿಂದ ಕೇಳುತ್ತಿದ್ದರು ಎಂಬ ಅರ್ಥದ ಮಾತನ್ನು ಅವರು ಆಡಿದ್ದಾರೆ. ಆದರೂ ಅವರು ಮುದ್ರಿಸುವುದನ್ನು ಬಿಡಲಿಲ್ಲ, ಇದು ಒಳ್ಳೆಯದೇ ಆಯಿತು. ಅವರ ಕಛೇರಿಗೆ ಹೋಗಲಾರದ ನಮ್ಮಂಥ ದೂರದವರಿಗೆ ಬೇರೆ ದಾರಿಯಿರಲಿಲ್ಲ.

ಬೇಯ್ಲಿ ಒಂಟಿಯಾಗಿಯೇ ಉಳಿಯಲಿಲ್ಲ. 1976ರಿಂದ ‘ಕಂಪನಿ’ ಎಂಬ ಹೆಸರಿನಲ್ಲಿ ಬೇರೆಬೇರೆ ದೇಶಗಳ ವಾದಕರನ್ನು ಒಂದೆಡೆ ಸೇರಿಸುತ್ತಿದ್ದರು. 1996ರಲ್ಲಿ ನೃತ್ಯಸಂಗೀತದ ಯಂತ್ರತಾಳಗಳ ಮೇಲೆ ಗಿಟಾರ್ ನುಡಿಸಿದ ‘ಗಿಟಾರ್, ಡ್ರಮ್ಸ್ ಆಂಡ್ ಬಾಸ್’ ಮುದ್ರಿಕೆಯೂ ಬಂತು. 

ಕೊನೆಯ ವರ್ಷಗಳ ಎರಡು ಮುದ್ರಿಕೆಗಳು ಬೇರೆಯದೇ ರೀತಿಯಲ್ಲಿ ಮನಸ್ಸನ್ನು ತಟ್ಟುತ್ತವೆ. 2002ರ ‘ಬ್ಯಾಲಡ್ಸ್’ನಲ್ಲಿ ಎಪ್ಪತ್ತು ದಾಟಿದ ಬೇಯ್ಲಿ, ಅಮೆರಿಕದ ಸ್ಯಾಕ್ಸಫೋನ್ ವಾದಕ ಜಾನ್ ಜಾರ್ನ್ ಅವರ ಸಲಹೆಯಂತೆ, ಯೌವನದಲ್ಲಿ ನೃತ್ಯಶಾಲೆಗಳ ಕಾಲದಿಂದ ಬಲ್ಲ ಹಳೆಯ ಹಾಡುಗಳಿಗೆ ಮರಳಿದರು. ಹಾಡಿನ ಸಾಲು ಒಂದಿಷ್ಟು ಸಾಗಿ, ಚೂರುಚೂರಾಗಿ ಒಡೆದು, ಇನ್ನೊಂದು ಹಾಡಿನ ಬಾಗಿಲಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. 2005ರ ‘ಕಾರ್ಪಲ್ ಟನಲ್’ ಹೊತ್ತಿಗೆ ಅವರ ಬಲಗೈ ಸೋತಿತ್ತು, ಮೀಟುಗಡ್ಡಿ ಹಿಡಿಯಲಾಗುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯನ್ನು ಒಲ್ಲದೆ ಅವರು ಹೆಬ್ಬೆರಳಿನಿಂದ ನುಡಿಸುವುದನ್ನು ಹೊಸದಾಗಿ ಕಲಿತರು. ಮೊದಲ ತುಣುಕಿನಲ್ಲಿ ಗಿಟಾರ್ ಮೀಟುತ್ತಲೇ ತಮ್ಮ ಕೈಯ ಸ್ಥಿತಿಯನ್ನು ವಿವರಿಸುತ್ತಾರೆ. ಆಮೇಲಿನ ತುಣುಕುಗಳಿಗೆ ‘ಮೂರು ವಾರದ ನಂತರ’, ‘ಐದು ವಾರದ ನಂತರ’ ಎಂದು ಸಾಗಿ ಹನ್ನೆರಡು ವಾರದವರೆಗೆ ಹೆಸರುಗಳಿವೆ. ಕೈಗೆ ಬಂದ ಕುಂದನ್ನು ಮರೆಮಾಚದೆ, ಅದರಿಂದಲೇ ಹೊಸ ನಾದ ತೆಗೆದ ಈ ಮುದ್ರಿಕೆ ಅವರ ಇಡೀ ಸಾಧನೆಗೆ ಸಾಕ್ಷಿ. ಕಾಯಿಲೆ ನರಮಂಡಲಕ್ಕೆ ಸಂಬಂಧಿಸಿದ್ದೆಂದು ನಂತರ ತಿಳಿಯಿತು. 2005ರ ಡಿಸೆಂಬರ್ 25ರಂದು ಬೇಯ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಹೊಸಬರು ‘ಬ್ಯಾಲಡ್ಸ್’ನಿಂದ ಶುರುಮಾಡುವುದು ಒಳ್ಳೆಯದು, ಅಲ್ಲಿ ಹಿಡಿದುಕೊಳ್ಳಲು ಹಾಡುಗಳಿವೆ. ಕಿವಿ ಪಳಗಿದ ಮೇಲೆ ‘ಐದಾ’ ಕೇಳಬೇಕು, ಅದೂ ಬೇರೆ ಕೆಲಸದ ನಡುವೆ ಅಲ್ಲ, ಒಂದೆಡೆ ಕೂತು, ಮೊದಲಿಂದ ಕೊನೆಯವರೆಗೆ.