ಗುಬಟು ಟೈರು, ಟಾರು ರಸ್ತೆ ಮತ್ತು ಒಂದು ಪುಟ್ಟ ಕಂಪ್ಯೂಟರು



ನಿಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಈಗ ಸೈಕಲುಗಳಿಗಿಂತ ಮೋಟಾರ್ ಸೈಕಲುಗಳೇ ಹೆಚ್ಚು. ಅವುಗಳ ನಡುವೆ ಒಂದೆರಡು ಎತ್ತರದ ಗಾಡಿಗಳನ್ನು ನೀವು ಗಮನಿಸಿರಬಹುದು. ಮುಂದಿನ ಚಕ್ರ ದೊಡ್ಡದು, ಹಿಂದಿನದು ಸ್ವಲ್ಪ ಚಿಕ್ಕದು. ಟೈರಿನ ಮೇಲೆ ಚಾಕೊಲೇಟ್ ಬಿಲ್ಲೆಗಳ ಹಾಗೆ ಎದ್ದು ನಿಂತ ರಬ್ಬರಿನ ಗುಬಟುಗಳು. ಟಾರು ರಸ್ತೆಗೂ ಮಣ್ಣಿನ ದಾರಿಗೂ ಒಗ್ಗಲೆಂದು ಮಾಡಿದ ಈ ಗಾಡಿಗಳನ್ನು ಡ್ಯುಯಲ್ ಸ್ಪೋರ್ಟ್ ಅಥವಾ ಅಡ್ವೆಂಚರ್ ಬೈಕು ಎನ್ನುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಟ್ರಾಕ್ಷನ್ ಕಂಟ್ರೋಲ್ ಎಂಬ ಕಾವಲು ವ್ಯವಸ್ಥೆಯೂ ಇರುತ್ತದೆ. ಹಿಂದಿನ ಚಕ್ರ ಹಿಡಿತ ತಪ್ಪಿ ಸುಮ್ಮನೆ ಗಿರ್ರನೆ ತಿರುಗತೊಡಗಿದರೆ ಇಂಜಿನ್ನಿನ ಶಕ್ತಿಯನ್ನು ತಾನೇ ತಗ್ಗಿಸುವುದು ಅದರ ಕೆಲಸ.

ಈಗ ಒಂದು ಪ್ರಶ್ನೆ. ಕಾರ್ಖಾನೆಯಿಂದ ಬಂದ ಟೈರನ್ನು ತೆಗೆಸಿ, ನೋಡಲು ಚೆನ್ನಾಗಿದೆ ಎಂದು ದೊಡ್ಡ ಗುಬಟಿನ ಟೈರು ಹಾಕಿಸಿದರೆ, ಆ ಕಾವಲುಗಾರನಿಗೆ ಅದು ಗೊತ್ತಾಗುತ್ತದೆಯೇ? ಬಹುಪಾಲು ಗಾಡಿಗಳಲ್ಲಿ ಗೊತ್ತಾಗುವುದಿಲ್ಲ. ಹಳೆಯ ಲೆಕ್ಕವನ್ನೇ ಹಿಡಿದುಕೊಂಡು ಅದು ಕಾವಲು ಕಾಯುತ್ತಿರುತ್ತದೆ. ಇದರ ಪರಿಣಾಮವೇನು ಎಂಬುದನ್ನು ಪಿಯುಸಿ ಭೌತಶಾಸ್ತ್ರದಷ್ಟರಲ್ಲೇ ನಾವು ಅರ್ಥಮಾಡಿಕೊಳ್ಳಬಹುದು.

ರಬ್ಬರಿನ ಸ್ವಭಾವ

ಘರ್ಷಣೆ ತಾಗುವ ಮೈಯ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ನಿಮ್ಮ ಪಠ್ಯಪುಸ್ತಕ ಹೇಳುತ್ತದೆ. ಮರದ ದಿಮ್ಮಿಗೆ, ಕಬ್ಬಿಣದ ತುಂಡಿಗೆ ಇದು ಸರಿ. ರಬ್ಬರು ಮಾತ್ರ ಈ ನಿಯಮಕ್ಕೆ ಪೂರ್ತಿ ತಲೆಬಾಗುವುದಿಲ್ಲ. ರಬ್ಬರು ರಸ್ತೆಯನ್ನು ಎರಡು ರೀತಿಯಲ್ಲಿ ಹಿಡಿಯುತ್ತದೆ. ಅದರ ಅಣುಗಳು ರಸ್ತೆಯ ಮೈಗೆ ಕ್ಷಣಕಾಲ ಅಂಟಿಕೊಳ್ಳುವುದು ಒಂದು. ಜಲ್ಲಿಯ ಏರುತಗ್ಗುಗಳೊಳಗೆ ಇಳಿದು, ಅಲ್ಲಿ ಹಿಸುಕಿಸಿಕೊಂಡು, ಮತ್ತೆ ಮೊದಲ ಆಕಾರಕ್ಕೆ ಬರುವಾಗ ಸ್ವಲ್ಪ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುವುದು ಇನ್ನೊಂದು. ಮಳೆಯಲ್ಲಿ ಮೊದಲನೆಯ ಹಿಡಿತ ಬಹಳ ಕಡಿಮೆಯಾಗಿ ಎರಡನೆಯದೇ ಹೆಚ್ಚು ಭಾರ ಹೊರುತ್ತದೆ. ಒತ್ತಡ ಏರಿದಂತೆಲ್ಲ ರಬ್ಬರಿನ ಘರ್ಷಣಾಂಕ ಇಳಿಯುತ್ತದೆ ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

ಒಂದು ಬೈಕಿನ ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚು ಕಡಿಮೆ ನಿಮ್ಮ ಅಂಗೈಯಷ್ಟು. ಗುಬಟು ಟೈರಿನಲ್ಲಿ ಆ ಅಂಗೈಯಗಲದ ಜಾಗದಲ್ಲೂ ದೊಡ್ಡ ಪಾಲು ಬರಿಯ ಸಂದು. ಮೆತ್ತನೆಯ ಮಣ್ಣಿನಲ್ಲಿ ಗುಬಟು ನೆಲಕ್ಕೆ ಇಳಿದು ಕಚ್ಚುವುದು ಆ ಸಂದಿನಿಂದಲೇ, ಆದ್ದರಿಂದ ಅಲ್ಲಿ ಅದು ವರ. ಟಾರು ರಸ್ತೆಯಲ್ಲಿ ಇಳಿಯಲು ಜಾಗವಿಲ್ಲ. ಅಷ್ಟೇ ಭಾರವನ್ನು ಕಡಿಮೆ ರಬ್ಬರು ಹೊರಬೇಕು. ಒತ್ತಡ ಹೆಚ್ಚುತ್ತದೆ, ಹಿಡಿತ ಇಳಿಯುತ್ತದೆ. ಸಾಲದ್ದಕ್ಕೆ, ಕಲ್ಲಿಗೆ ಸಿಕ್ಕಿ ಗುಬಟು ಕಿತ್ತುಹೋಗದಿರಲೆಂದು ಇಂಥ ಟೈರುಗಳಲ್ಲಿ ಹಲವಕ್ಕೆ ಗಡಸು ರಬ್ಬರನ್ನೇ ಬಳಸುತ್ತಾರೆ.

ಇನ್ನೊಂದು ಗುಣವನ್ನು ನೀವೇ ಪರೀಕ್ಷಿಸಬಹುದು. ಪೆನ್ಸಿಲ್ ಅಳಿಸುವ ಹೊಸ ರಬ್ಬರನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಮೇಲಿಂದ ಒತ್ತಿ ಹಿಡಿದು ಮುಂದಕ್ಕೆ ತಳ್ಳಿ. ಆಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ತಳ್ಳಿ. ನಿಂತ ರಬ್ಬರು ಮೊದಲು ಬಾಗುತ್ತದೆ, ಹಿಂದಿನ ಅಂಚು ಮೇಲೇಳುತ್ತದೆ, ಕೊನೆಗೆ ಟಕ್ಕೆಂದು ಜಾರುತ್ತದೆ. ಎತ್ತರದ ಗುಬಟುಗಳು ರಸ್ತೆಯ ಮೇಲೆ ಮಾಡುವುದೂ ಇದನ್ನೇ.

ಜಾರದೆ ತಳ್ಳುವ ಚಕ್ರವಿಲ್ಲ

ಟೈರು ಗಾಡಿಯನ್ನು ಮುಂದಕ್ಕೆ ತಳ್ಳಬೇಕಾದರೆ ಅದರ ಮೈ ನೆಲಕ್ಕಿಂತ ತುಸು ಹೆಚ್ಚು ವೇಗದಲ್ಲಿ ಓಡಲೇಬೇಕು. ಈ ವ್ಯತ್ಯಾಸಕ್ಕೆ ಜಾರಿಕೆ ಎನ್ನೋಣ. ಒಣ ಟಾರು ರಸ್ತೆಯಲ್ಲಿ ಜಾರಿಕೆ ಸುಮಾರು 10ರಿಂದ 20 ಶೇಕಡಾ ಆಗುವವರೆಗೂ ತಳ್ಳುವ ಬಲ ಏರುತ್ತ ಹೋಗಿ, ಅಲ್ಲಿಂದಾಚೆ ಇಳಿಯತೊಡಗುತ್ತದೆ. ಆ ತುದಿಯನ್ನು ದಾಟಿದರೆ ಚಕ್ರ ಕೈತಪ್ಪಿದ ಹಾಗೆ. ದಾಟದಂತೆ ನೋಡಿಕೊಳ್ಳುವುದೇ ಟ್ರಾಕ್ಷನ್ ಕಂಟ್ರೋಲಿನ ಹೊಣೆ.

ಗುಬಟು ಬಾಗುವುದರಿಂದ, ಅಷ್ಟೇ ಬಲ ಕೊಡಲು ಅದಕ್ಕೆ ಹೆಚ್ಚು ಜಾರಿಕೆ ಬೇಕು. ರಸ್ತೆಯ ಟೈರು 4 ಶೇಕಡಾ ಜಾರಿಕೆಯಲ್ಲಿ ಮಾಡುವ ಕೆಲಸಕ್ಕೆ ಗುಬಟು ಟೈರು 7 ಶೇಕಡಾ ಕೇಳಿತು ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ರಸ್ತೆಯ ಟೈರಿಗೆಂದು ಲೆಕ್ಕ ಹಾಕಿಟ್ಟ ಕಂಪ್ಯೂಟರು ಇದನ್ನು ಕಂಡು ಅಪಾಯ ಹತ್ತಿರ ಬಂತೆಂದು ತಿಳಿದು ಇಂಜಿನ್ನಿನ ಕತ್ತು ಹಿಸುಕುತ್ತದೆ. ಗಾಡಿ ಮುಗ್ಗರಿಸಿದಂತಾಗುತ್ತದೆ, ಮೀಟರಿನ ಮೇಲೆ ಹಳದಿ ದೀಪ ಮಿಣುಕುತ್ತದೆ. ಪದೇ ಪದೇ ಹೀಗಾದರೆ ಬೇಸತ್ತು ವ್ಯವಸ್ಥೆಯನ್ನೇ ಆರಿಸಿಬಿಡುವವರು ಇದ್ದಾರೆ. ನನ್ನ ಮಟ್ಟಿಗೆ, ಟೈರು ಬದಲಿಸುವುದರಿಂದ ಆಗುವ ದೊಡ್ಡ ನಷ್ಟ ಇದೇ. ಕಾವಲುಗಾರ ಸುಳ್ಳೇ ಕೂಗಿದನೆಂದು ಅವನನ್ನು ಮನೆಗೆ ಕಳಿಸಿ, ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಕಂಪ್ಯೂಟರಿಗೆ ಕಾಣುವುದು ಎಷ್ಟು?

ಈ ಕಂಪ್ಯೂಟರಿಗೆ ರಸ್ತೆ ಕಾಣುವುದಿಲ್ಲ. ಪ್ರತಿ ಚಕ್ರದ ಬದಿಯಲ್ಲಿ ತೂತುಗಳಿರುವ ಒಂದು ಬಳೆ, ಅದರೆದುರು ಒಂದು ಸೆನ್ಸರು. ಒಂದು ಕ್ಷಣದಲ್ಲಿ ಎಷ್ಟು ತೂತು ಹಾದುಹೋದವು ಎಂದು ಎಣಿಸಿದರೆ ಚಕ್ರದ ಸುತ್ತು ಗೊತ್ತಾಗುತ್ತದೆ. ಈ ಸೆನ್ಸರುಗಳು ಹುಟ್ಟಿದ್ದು ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ಗಾಗಿ. ಬಿಎಂಡಬ್ಲ್ಯೂ ಸಂಸ್ಥೆ 1988ರಲ್ಲಿ ತನ್ನ ಕೆ 100 ಬೈಕುಗಳಿಗೆ ಎಬಿಎಸ್ ಕೊಟ್ಟಿತು. ಹೋಂಡಾ 1992ರಲ್ಲಿ ಎಸ್‌ಟಿ 1100 ಬೈಕಿನಲ್ಲಿ ಅದರ ಜೊತೆಗೆ ಟ್ರಾಕ್ಷನ್ ಕಂಟ್ರೋಲನ್ನೂ ಸೇರಿಸಿತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ದ್ವಿಚಕ್ರಗಳಿಗೂ ಎಬಿಎಸ್ ಕಡ್ಡಾಯವಾದ ಮೇಲೆ ಈ ಸೆನ್ಸರುಗಳು ಸಾಮಾನ್ಯವಾದವು.

ಒಂದು ನಿಜವಾದ ಗಾಡಿಯ ಲೆಕ್ಕವನ್ನೇ ಮಾಡೋಣ. ಪೆನ್ಸಿಲು ತೆಗೆದುಕೊಳ್ಳಿ. 2020ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಕೆಟಿಎಂ 390 ಅಡ್ವೆಂಚರಿನ ಮುಂದಿನ ಟೈರಿನ ಅಳತೆ 100/90-19, ಹಿಂದಿನದು 130/80-17. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಮುಂದಿನ ಚಕ್ರದ ವ್ಯಾಸ 482.6 ಕೂಡಿಸು ಎರಡು ಸಲ 90, ಅಂದರೆ 662.6 ಮಿ.ಮೀ.; ಪರಿಧಿ ಸುಮಾರು 2082 ಮಿ.ಮೀ. ಹಿಂದಿನದರ ವ್ಯಾಸ 639.8, ಪರಿಧಿ 2010. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಆ ವೇಗದಲ್ಲಿ ಮುಂದಿನ ಚಕ್ರ ಸೆಕೆಂಡಿಗೆ 9.61 ಸುತ್ತು, ಹಿಂದಿನದು 9.95 ಸುತ್ತು. ಒಂದಿಷ್ಟೂ ಜಾರದೆಯೇ ಹಿಂದಿನ ಚಕ್ರ ಸುಮಾರು ಮೂರೂವರೆ ಶೇಕಡಾ ಹೆಚ್ಚು ತಿರುಗುತ್ತಿದೆ! ಈ ಸಹಜ ವ್ಯತ್ಯಾಸವನ್ನು ಕಂಪ್ಯೂಟರಿನ ನೆನಪಿನಲ್ಲಿ ಮೊದಲೇ ಬರೆದಿರುತ್ತಾರೆ. ಅದನ್ನು ಕಳೆದು ಉಳಿದದ್ದನ್ನು ಮಾತ್ರ ಅದು ಜಾರಿಕೆ ಎಂದು ಎಣಿಸುತ್ತದೆ.

ಈಗ ಹಿಂದಕ್ಕೆ ಮಾತ್ರ ಗುಬಟು ಟೈರು ಹಾಕಿಸಿದಿರಿ ಎನ್ನೋಣ. ಬರೆದ ಅಳತೆ ಅದೇ ಇದ್ದರೂ ಗುಬಟಿನ ಎತ್ತರದಿಂದ ತ್ರಿಜ್ಯ 5 ಮಿ.ಮೀ. ಹೆಚ್ಚಾಯಿತು. ಪರಿಧಿ 2041 ಆಗಿ ಸುತ್ತು 9.80ಕ್ಕೆ ಇಳಿಯುತ್ತದೆ, ಅಂದರೆ ಒಂದೂವರೆ ಶೇಕಡಾ ಕಡಿಮೆ. ಚಕ್ರ ನಿಜವಾಗಿ ಒಂದೂವರೆ ಶೇಕಡಾ ಜಾರುತ್ತಿದ್ದರೂ ಕಂಪ್ಯೂಟರು ಸೊನ್ನೆ ಎಂದೇ ಓದುತ್ತದೆ. ಕಾವಲು ಅಷ್ಟು ತಡವಾಗಿ ಎಚ್ಚರವಾಗುತ್ತದೆ, ಅದೂ ಹಿಡಿತ ಕಡಿಮೆಯಿರುವ ಟೈರಿನ ಮೇಲೆ.

ಉಲ್ಟಾ ಕೂಡ ಆಗಬಹುದು. ಮುಂದೆ ಹೊಸ ಗುಬಟು ಟೈರಿನಿಂದ ತ್ರಿಜ್ಯ 4 ಮಿ.ಮೀ. ಹೆಚ್ಚು, ಹಿಂದೆ ಹಳೆಯದೇ ಟೈರು, ಸವೆದು 5 ಮಿ.ಮೀ. ಕಡಿಮೆ. ಲೆಕ್ಕ ಹಾಕಿದರೆ ಎರಡೂ ಸೇರಿ ಸುಮಾರು 2.8 ಶೇಕಡಾ ಸುಳ್ಳು ಜಾರಿಕೆ ಕಾಣುತ್ತದೆ. 8 ಶೇಕಡಾಕ್ಕೆ ಎಚ್ಚರವಾಗಬೇಕಾದ ಕಾವಲು ಐದಕ್ಕೇ ಕೂಗುತ್ತದೆ. ಇವೆರಡರಲ್ಲಿ ಯಾವುದು ಕೆಟ್ಟದ್ದು ಎಂದು ಕೇಳಿದರೆ ಮೊದಲನೆಯದೇ ಎನ್ನುತ್ತೇನೆ. ಎರಡನೆಯದು ದೀಪ ಮಿಣುಕಿಸಿ ತನ್ನನ್ನು ತೋರಿಸಿಕೊಳ್ಳುತ್ತದೆ; ಮೊದಲನೆಯದು ಸದ್ದಿಲ್ಲದ್ದು.

ಕೆಲವು ತಯಾರಕರು ಇದಕ್ಕೆ ದಾರಿ ಹುಡುಕಿದ್ದಾರೆ. ಎಪ್ರಿಲಿಯಾದ 2011ರ ಆರ್‌ಎಸ್‌ವಿ 4 ರೇಸ್ ಬೈಕಿನ ವ್ಯವಸ್ಥೆ ಟೈರಿನ ಅಳತೆ ಬದಲಾದರೆ ತಾನೇ ಮತ್ತೆ ಲೆಕ್ಕ ಹೊಂದಿಸಿಕೊಳ್ಳಬಲ್ಲದಾಗಿತ್ತು. ಬಿಎಂಡಬ್ಲ್ಯೂ 2013ರ ಆರ್ 1200 ಜಿಎಸ್‌ನಲ್ಲಿ ಗುಬಟು ಟೈರಿಗೆಂದೇ ಒಂದು ಕ್ರಮವನ್ನು ಇಟ್ಟಿತು. ಬೇರೊಂದು ಪ್ಲಗ್ಗನ್ನು ಚುಚ್ಚಿದ ಮೇಲಷ್ಟೇ ಅದು ತೆರೆದುಕೊಳ್ಳುತ್ತಿತ್ತು. ಕೆಟಿಎಂ 1190 ಅಡ್ವೆಂಚರಿನ ಮಣ್ಣುದಾರಿಯ ಕ್ರಮದಲ್ಲಿ ಹಿಂದಿನ ಚಕ್ರ ಮುಂದಿನದರ ಎರಡರಷ್ಟು ವೇಗದಲ್ಲಿ ತಿರುಗುವವರೆಗೂ ಕಂಪ್ಯೂಟರು ಸುಮ್ಮನಿರುತ್ತದೆ. ಮಣ್ಣಿನಲ್ಲಿ ಅಷ್ಟು ತಿರುಗಿದರೇ ಚಕ್ರ ನೆಲ ಅಗೆದು ಮುಂದೆ ಹೋಗುವುದು. ಆದರೆ ಕಾಡಿನ ದಾರಿ ಮುಗಿಸಿ ಟಾರಿಗೆ ಬಂದವರು ಆ ಕ್ರಮವನ್ನು ಬದಲಿಸಲು ಮರೆತರೆ ಕಾವಲು ಇದ್ದೂ ಇಲ್ಲದಂತೆ.

ಬಾಗಿದಾಗ

ತಿರುವಿನಲ್ಲಿ ಬೈಕು ಬಾಗುತ್ತದೆ. ಆಗ ನೆಲ ಮುಟ್ಟುವುದು ಟೈರಿನ ನೆತ್ತಿಯಲ್ಲ, ಹೆಗಲು. ಹೆಗಲಿನ ತ್ರಿಜ್ಯ ನೆತ್ತಿಯದಕ್ಕಿಂತ ಚಿಕ್ಕದು. ಟೈರಿನ ಅಡ್ಡಕೊಯ್ತ ಅರ್ಧವೃತ್ತ ಎಂದು ಹಿಡಿದರೆ, 40 ಡಿಗ್ರಿ ಬಾಗಿದಾಗ 130 ಮಿ.ಮೀ. ಅಗಲದ ಹಿಂದಿನ ಟೈರಿನ ತ್ರಿಜ್ಯ ಸುಮಾರು 15 ಮಿ.ಮೀ. ಇಳಿಯುತ್ತದೆ, 100 ಮಿ.ಮೀ. ಅಗಲದ ಮುಂದಿನದು 12ರಷ್ಟು. ಹಿಂದಿನದು ಹೆಚ್ಚು ಇಳಿದದ್ದರಿಂದ ಜಾರದೆಯೇ ಒಂದು ಶೇಕಡಾಕ್ಕಿಂತ ಹೆಚ್ಚು ಜಾರಿಕೆ ಕಾಣುತ್ತದೆ. ದಪ್ಪ ಟೈರಿನ ಗಾಡಿಗಳಲ್ಲಿ ಇದು ಎರಡು ಶೇಕಡಾ ದಾಟುತ್ತದೆ. ಬಾಗಿದ ಕೋನ ಅಳೆಯುವ ಸೆನ್ಸರುಗಳು ಬಂದ ಮೇಲೆ ಈ ದೋಷವನ್ನು ಕಳೆಯುವುದು ಸಾಧ್ಯವಾಯಿತು. 2014ರ ಕೆಟಿಎಂ 1190 ಅಡ್ವೆಂಚರಿಗೆ ಬಾಷ್ ಕಂಪನಿ ಒದಗಿಸಿದ್ದು ಇಂಥ ವ್ಯವಸ್ಥೆಯನ್ನೇ. ಆದರೆ ಆ ಲೆಕ್ಕದಲ್ಲಿರುವ ಅಡ್ಡಕೊಯ್ತ ಕಾರ್ಖಾನೆಯ ಟೈರಿನದು. ಚೌಕ ಹೆಗಲಿನ ಗುಬಟು ಟೈರಿಗೆ ಅದು ಹೊಂದುವುದಿಲ್ಲ. ಹೆದ್ದಾರಿಯಲ್ಲೇ ಓಡಿ ನೆತ್ತಿ ಚಪ್ಪಟೆಯಾದ ಸಾಧಾರಣ ಟೈರಿಗೂ ಹೊಂದುವುದಿಲ್ಲ.

ಇನ್ನು ಮುಖ್ಯ ವಿಷಯ. ಟೈರಿನ ಹಿಡಿತ ಒಂದೇ ಹುಂಡಿಯ ಹಣ. ತಿರುಗಲೂ ತಳ್ಳಲೂ ಅದರಿಂದಲೇ ತೆಗೆಯಬೇಕು. ಎರಡು ಬಲಗಳ ವರ್ಗಗಳ ಮೊತ್ತ ಘರ್ಷಣಾಂಕದ ವರ್ಗವನ್ನು ಮೀರುವಂತಿಲ್ಲ. ಒದ್ದೆ ರಸ್ತೆಯ ಘರ್ಷಣಾಂಕ 0.6 ಎಂದುಕೊಳ್ಳಿ. ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ 30 ಡಿಗ್ರಿ ಬಾಗಿದರೆ ತಿರುಗುವುದಕ್ಕೇ 30ರ ಟ್ಯಾಂಜೆಂಟ್, ಅಂದರೆ 0.577, ಖರ್ಚಾಯಿತು. ತಳ್ಳಲು ಉಳಿದದ್ದು 0.16 ಮಾತ್ರ. ನೀವು ಆಕ್ಸಿಲೇಟರ್ ಹೆಚ್ಚು ತಿರುವಿದರೆ ಟ್ರಾಕ್ಷನ್ ಕಂಟ್ರೋಲು ಅದನ್ನು ಆ 0.16ರೊಳಗೆ ಹಿಡಿದಿಡಲು ನೋಡುತ್ತದೆ. ಅಲ್ಲಿಗೆ ಅದರಿಂದ ಉಪಕಾರವಿದೆ.

ಅದೇ ತಿರುವು, ಅದೇ ವೇಗ, ಗುಬಟು ಟೈರು. ಘರ್ಷಣಾಂಕ 0.55ಕ್ಕೆ ಇಳಿದಿದೆ ಎಂದುಕೊಳ್ಳಿ. ತಿರುಗುವುದಕ್ಕೇ 0.577 ಬೇಕು, ಹುಂಡಿಯಲ್ಲಿರುವುದು 0.55. ಕಂಪ್ಯೂಟರು ಇಂಜಿನ್ನಿನ ಬಲವನ್ನು ಪೂರ್ತಿ ಸೊನ್ನೆಗಿಳಿಸಿದರೂ ಗಾಡಿ ನಿಲ್ಲದು. ಅದರ ಕೈಯಲ್ಲಿರುವುದು ಇಂಜಿನ್ನು ಮಾತ್ರ. ಗಾಡಿ ಎಷ್ಟು ಬಾಗಿದೆ, ಎಷ್ಟು ವೇಗದಲ್ಲಿ ತಿರುವಿಗೆ ಬಂತು ಎಂಬುದು ಸವಾರನ ಕೈಯಲ್ಲಿದೆ. ಮುಂದಿನ ಚಕ್ರ ಜಾರಿದರಂತೂ ಅದು ಏನೂ ಮಾಡಲಾರದು.

ಅಂಗಡಿಗಳಲ್ಲಿ ಈ ಟೈರುಗಳನ್ನು 80/20, 50/50 ಎಂದು ಕರೆಯುವುದನ್ನು ಕೇಳಿರಬಹುದು. ಮೊದಲ ಅಂಕಿ ರಸ್ತೆಗೆ, ಎರಡನೆಯದು ಮಣ್ಣಿಗೆ. ಇದು ಯಾವ ಪ್ರಯೋಗಾಲಯದ ಅಳತೆಯೂ ಅಲ್ಲ, ಮಾರಾಟದ ಮಾತು. ದಿನವೂ ಟಾರಿನ ಮೇಲೇ ಕಾಲೇಜಿಗೆ ಬರುವವರಿಗೆ ರಸ್ತೆಯ ಕಡೆ ವಾಲಿದ ಟೈರೇ ಸಾಕು. ಹಾಕಿಸುವುದಾದರೆ ಮುಂದೆ ಹಿಂದೆ ಒಂದೇ ಜಾತಿಯ ಜೋಡಿಯನ್ನು, ಗಾಡಿಯ ಕೈಪಿಡಿಯಲ್ಲಿ ಒಪ್ಪಿರುವ ಅಳತೆಯಲ್ಲೇ ಹಾಕಿಸಿ. ಗಾಳಿಯನ್ನೂ ಅಲ್ಲಿ ಹೇಳಿದಷ್ಟೇ ಹೊಡೆಸಿ. ಗಾಳಿ ಇಳಿದರೆ ಉರುಳುವ ತ್ರಿಜ್ಯವೂ ಇಳಿಯುತ್ತದೆ. ಕೆಲವು ಕಾರುಗಳು ಗಾಳಿ ಕಡಿಮೆಯಾದದ್ದನ್ನು ಕಂಡುಹಿಡಿಯುವುದೇ ಚಕ್ರದ ಸುತ್ತು ಎಣಿಸುವ ಈ ಉಪಾಯದಿಂದ.

ಒಂದು ಪ್ರಯೋಗವನ್ನು ಮನೆಯ ಅಂಗಳದಲ್ಲೇ ಮಾಡಬಹುದು. ಟೈರಿನ ಬದಿಗೆ, ನೆಲ ಮುಟ್ಟುವ ಜಾಗದಲ್ಲಿ, ಸೀಮೆಸುಣ್ಣದ ಗೆರೆ ಎಳೆಯಿರಿ. ಅದರ ನೇರಕ್ಕೆ ನೆಲದ ಮೇಲೂ ಒಂದು ಗೆರೆ. ಗಾಡಿಯ ಮೇಲೆ ಒಬ್ಬರು ಕುಳಿತಿರಲಿ, ಇನ್ನಿಬ್ಬರು ಹಿಡಿದು ನಿಧಾನವಾಗಿ ತಳ್ಳಲಿ. ಚಕ್ರ ಐದು ಸುತ್ತು ಮುಗಿಸಿದಲ್ಲಿ ಮತ್ತೊಂದು ಗೆರೆ ಹಾಕಿ, ದೂರ ಅಳೆದು, ಐದರಿಂದ ಭಾಗಿಸಿ. ಎರಡೂ ಚಕ್ರಗಳಿಗೆ ಹೀಗೆ ಮಾಡಿ, ಮುಂದಿನ ಪರಿಧಿಯನ್ನು ಹಿಂದಿನದರಿಂದ ಭಾಗಿಸಿ ಬಂದ ಅಂಕಿಯನ್ನು ಟೈರಿನ ಮೇಲೆ ಬರೆದ ಅಳತೆಯಿಂದ ಬಂದ ಅಂಕಿಯೊಡನೆ ಹೋಲಿಸಿ ನೋಡಿ. ಟೈರು ಭಾರಕ್ಕೆ ಚಪ್ಪಟೆಯಾಗುವುದರಿಂದ ನಿಮ್ಮ ಪರಿಧಿಗಳು ಪುಸ್ತಕದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತವೆ. ಹೊಸ ಟೈರು ಹಾಕಿಸುವ ಹಿಂದಿನ ದಿನ ಒಮ್ಮೆ, ಮರುದಿನ ಒಮ್ಮೆ ಅಳೆದರೆ ಇನ್ನೂ ಒಳ್ಳೆಯದು.