ಎಲ್ಬೆ ದಂಡೆಯಲ್ಲಿ ಖಡಕ್ ರೊಟ್ಟಿ ಬುತ್ತಿ

ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ. ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ‘ಮೆನ್ಸಾ’ ಎಂದು ಕರೆಯುವ ವಿದ್ಯಾರ್ಥಿಗಳ ಕ್ಯಾಂಟೀನು, ಎಲ್ಲಕ್ಕೂ ಬೀಗ. ಬೆಳಗ್ಗೆ ಕೆಲ ಹೊತ್ತು ಬೇಕರಿ, ಇಡೀ ದಿನ ರೈಲು ನಿಲ್ದಾಣದ ಮಳಿಗೆ, ಅಲ್ಲೊಂದು ಇಲ್ಲೊಂದು ಡೋನರ್ ಅಂಗಡಿ ಇದ್ದರೆ ಉಂಟು. ಶನಿವಾರವೇ ಹಾಲು, ತರಕಾರಿ ತಂದಿಟ್ಟುಕೊಳ್ಳಬೇಕು. ಯಾವ ಹೊತ್ತಿಗೆ ಹೊರಟರೂ ಚಹಾ, ಮಿರ್ಚಿ ಸಿಗುವ ಕಲಬುರಗಿಯಿಂದ ಬಂದವರಿಗೆ ಇದು ಅರಗುವುದಕ್ಕೆ ಸ್ವಲ್ಪ ದಿನ ಬೇಕು.

ನಾನು ಕಮಲಾಪುರ ತಾಲ್ಲೂಕಿನ ಮಹಾಗಾಂವದ ಹುಡುಗ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಈಗ ಮ್ಯಾಗ್ಡೆಬರ್ಗ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ಹೆಚ್ಚಿನ ಕೋರ್ಸ್‌ಗಳಿಗೆ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ಶುಲ್ಕವಷ್ಟೇ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚಿಗೆಂದು 11,904 ಯೂರೋ ಬ್ಯಾಂಕಿನಲ್ಲಿ ತೋರಿಸಬೇಕು. ಅದರಲ್ಲಿ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ನಮ್ಮ ಮನೆಯಲ್ಲಿ ಆ ಹಣ ಬಂದದ್ದು ತೊಗರಿ ಹೊಲದ ಮೇಲಿನ ಸಾಲದಿಂದ. ಒಂದು ಯೂರೋ ಎಂದರೆ ಸುಮಾರು ನೂರು ರೂಪಾಯಿ. ಏಳು ಯೂರೋದ ಡೋನರ್ ಕೈಯಲ್ಲಿ ಹಿಡಿದಾಗ ಏಳು ನೂರು ರೂಪಾಯಿ ಕಣ್ಣ ಮುಂದೆ ನಿಲ್ಲುತ್ತದೆ.

ಈ ಲೆಕ್ಕ ನನ್ನ ಪಕ್ಕದ ಕೋಣೆಯ ಗೆಳೆಯನನ್ನು ತುಂಬ ಕಾಡಿತ್ತು. ಅವನು ಹುಮನಾಬಾದ್ ಕಡೆಯವನು. ಬೆಳಗ್ಗೆ ತಿಂಡಿ ಬಿಟ್ಟ, ಮಧ್ಯಾಹ್ನ ಬ್ರೆಡ್ಡು, ರಾತ್ರಿ ಅನ್ನ-ಉಪ್ಪಿನಕಾಯಿ. ಮೂರು ತಿಂಗಳಲ್ಲಿ ಕ್ಲಾಸು, ಕೋಣೆ ಬಿಟ್ಟು ಬೇರೇನೂ ನೋಡಲಿಲ್ಲ. ಮೈ ಇಳಿಯಿತು, ಮಾತೂ ಕಡಿಮೆಯಾಯಿತು. ಒಂದು ಪರೀಕ್ಷೆಗೆ ಹೋಗದೆ ಮಲಗಿಬಿಟ್ಟ. ಆಗ ನನಗೆ ಭಯವಾಯಿತು. ಮೇ ತಿಂಗಳ ಒಂದು ಭಾನುವಾರ ಅವನ ಬಾಗಿಲು ಬಡಿದೆ.

‘ಏ ದೋಸ್ತಾ, ಹೊರಗ ಹೋದ್ರ ರೊಕ್ಕಾ ಹೋಗ್ತದ. ರೂಮಿನಾಗೇ ಛಲೋ ಅದ’ ಎಂದ.

‘ಬುತ್ತಿ ನಂದು, ಸೈಕಲ್ ನಿಂದು. ರೊಕ್ಕಾ ಎಲ್ಲಿ ಹತ್ತತದ? ನಡಿ’ ಎಂದೆ.

ಬುತ್ತಿಯಲ್ಲಿ ಇದ್ದದ್ದು ಅವ್ವ ಬಡಿದು ಕಳಿಸಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಇಲ್ಲಿಯ ಅಂಗಡಿಯ ಒಂದು ಡಬ್ಬಿ ಮೊಸರು. ಇಲ್ಲಿ ಸಿಗುವ ದಪ್ಪ ಬದನೆಕಾಯಿ ಎಣ್ಣೆಗಾಯಿಗೆ ಬರುವುದಿಲ್ಲ. ಅದನ್ನು ಸುಟ್ಟು ಭರ್ತ ಮಾಡಿದ್ದೆ.

ಮೊದಲು ಊರೊಳಗೆ ಸುತ್ತಿದೆವು. ‘ಹಸಿರು ಕೋಟೆ’ ಎಂಬ ಹೆಸರಿನ ಕಟ್ಟಡ ನೋಡಿದರೆ ಬಣ್ಣ ಪೂರ್ತಿ ಗುಲಾಬಿ! ಕಲಾವಿದ ಹುಂಡರ್ಟ್‌ವಾಸರ್ ವಿನ್ಯಾಸದ ಈ ಕಟ್ಟಡ ಮುಗಿದದ್ದು 2005ರಲ್ಲಿ. ಹಸಿರು ಇರುವುದು ಅದರ ಮಾಳಿಗೆಯ ಮೇಲೆ, ಹುಲ್ಲು ಮತ್ತು ಮರಗಳಲ್ಲಿ. ಅಲ್ಲೇ ಹತ್ತಿರ ದೊಡ್ಡ ಚರ್ಚು. 973ರಲ್ಲಿ ತೀರಿಕೊಂಡ ಚಕ್ರವರ್ತಿ ಒಂದನೇ ಒಟ್ಟೋನ ಸಮಾಧಿ ಅದರೊಳಗಿದೆ. ‘ನಮ್ಮ ಕಲಬುರಗಿ ಕೋಟಿ ಮಸೂತಿಗಿಂತ ಹಳೇದೇನು?’ ಎಂದು ಗೆಳೆಯ ಕೇಳಿದ. ನಮ್ಮ ಜಾಮಿ ಮಸೀದಿ 1367ರದು, ಈ ಚರ್ಚು ಕಟ್ಟಲು ಶುರುಮಾಡಿದ್ದು 1209ರಲ್ಲಿ. ಎಷ್ಟೋ ದಿನಗಳ ನಂತರ ಅವನು ತಾನಾಗಿ ಕೇಳಿದ ಪ್ರಶ್ನೆ ಅದು.

ಅಲ್ಲಿಂದ ಎಲ್ಬೆ ನದಿಯ ದಂಡೆಗುಂಟ ಉತ್ತರಕ್ಕೆ ಸೈಕಲ್ ತುಳಿದೆವು. ಹತ್ತು ಕಿಲೋಮೀಟರ್ ದಾಟಿದ ಮೇಲೆ ಕಂಡದ್ದನ್ನು ನಂಬಲು ಒಂದು ನಿಮಿಷ ಬೇಕಾಯಿತು. ಕೆಳಗೆ ನದಿ, ಮೇಲೆ ಸೇತುವೆ, ಸೇತುವೆಯ ಮೇಲೆ ರಸ್ತೆಯಲ್ಲ, ನೀರು! ಆ ನೀರಿನಲ್ಲಿ ಹಡಗು ಸಾಗುತ್ತಿತ್ತು. ಎರಡು ಕಾಲುವೆಗಳನ್ನು ಕೂಡಿಸುವ ಈ ಸೇತುವೆಯ ಉದ್ದ 918 ಮೀಟರ್. ಮಹಾಯುದ್ಧ ಮತ್ತು ದೇಶದ ವಿಭಜನೆಯಿಂದ ದಶಕಗಳ ಕಾಲ ನಿಂತುಹೋಗಿದ್ದ ಯೋಜನೆ ಪೂರ್ಣಗೊಂಡದ್ದು 2003ರಲ್ಲಿ. ನೋಡಲು ಟಿಕೆಟ್ ಇಲ್ಲ.

ಅಲ್ಲೇ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದೆವು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಬಂದವರನ್ನೆಲ್ಲ ಕರೆದು ಉಣ್ಣುವವರು ನಾವು. ಪಕ್ಕದ ಬೆಂಚಿನ ಅಜ್ಜ-ಅಜ್ಜಿಗೂ ಒಂದು ತುಂಡು ರೊಟ್ಟಿ ಕೊಟ್ಟೆವು. ಅಜ್ಜಿ ಕಟಂ ಎಂದು ಕಡಿದು, ‘ಕ್ನೆಕೆಬ್ರೋಟ್!’ ಎಂದು ನಕ್ಕರು. ಅದು ಈ ಕಡೆಯ ಒಣ ಬ್ರೆಡ್ಡು, ಬಹುಪಾಲು ರೈ ಹಿಟ್ಟಿನದು, ತಿಂಗಳುಗಟ್ಟಲೆ ಕೆಡುವುದಿಲ್ಲ. ಜೋಳದ ಬೆಳೆ ಎಂದರೆ ಏನೆಂದು ಹರಕು ಜರ್ಮನ್‌ನಲ್ಲಿ ವಿವರಿಸಿದವನು ನನ್ನ ಗೆಳೆಯ. ಅಜ್ಜ ಅವನ ತಪ್ಪು ವ್ಯಾಕರಣವನ್ನು ನಿಧಾನವಾಗಿ ತಿದ್ದಿದರು.

ಮರಳುವಾಗ ಐಸ್‌ಕ್ರೀಂ ತಿಂದೆವು. ಮೇ ತಿಂಗಳಲ್ಲಿ ಇಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ. ನದಿ ದಂಡೆಯಲ್ಲಿ ಕುಳಿತು ಲೆಕ್ಕ ಹಾಕಿದರೆ ಬೇಕರಿಯ ಬನ್ನೂ ಸೇರಿ ಇಬ್ಬರ ಖರ್ಚು ಆರು ಯೂರೋ ಚಿಲ್ಲರೆ. ಅವ್ವನಿಗೆ ವಿಡಿಯೊ ಕಾಲ್ ಮಾಡಿದಾಗ ಗೆಳೆಯನ ಮುಖ ನೋಡಿ, ‘ಹೊಟ್ಟಿ ಕಟ್ಟಿ ರೊಕ್ಕಾ ಉಳಸಬ್ಯಾಡ್ರೋ, ಉಂಡು ಓದ್ರಿ’ ಎಂದಳು.

ಹೊರದೇಶಕ್ಕೆ ಹೊರಟಿರುವ ಗೆಳೆಯ, ಗೆಳತಿಯರೇ, ಸಾಲ ತೀರುವುದು ಓದು ಮುಗಿದರೆ, ಕೆಲಸ ಸಿಕ್ಕರೆ. ಉಪವಾಸ ಉಳಿಸುವ ಯೂರೋಗಳಿಂದ ಅಲ್ಲ. ಇಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಆದರೆ ಕೆಲಸ ಸಿಗಲು ಭಾಷೆ ಬೇಕು, ಭಾಷೆ ಬರಲು ಜನರ ನಡುವೆ ಹೋಗಬೇಕು. ಬರುವ ಮುಂಚೆ ನಾಲ್ಕು ಪಲ್ಯ ಮಾಡುವುದು ಕಲಿಯಿರಿ. ಹಾಲು, ಮಾಂಸದ ಪದಾರ್ಥ ತರಲು ಇಲ್ಲಿ ನಿರ್ಬಂಧವಿದೆ, ತುಪ್ಪ, ಪೇಡೆ ಬಿಡಿ. ರೊಟ್ಟಿ, ಹಿಂಡಿ ತುಂಬಿಕೊಳ್ಳಿ.

ಗೆಳೆಯ ಈಗ ವಾರಕ್ಕೆರಡು ಸಂಜೆ ಜರ್ಮನ್ ತರಗತಿಗೆ ಹೋಗುತ್ತಾನೆ. ಬಿಟ್ಟ ಪರೀಕ್ಷೆಯನ್ನು ಮುಂದಿನ ಸೆಮಿಸ್ಟರ್‌ಗೆ ಕಟ್ಟಿದ್ದಾನೆ. ಈ ವಾರದ ಬುತ್ತಿ ಅವನದು.